ಹಳೆಯ ದನಿ, ಹೊಸ ಹಾಡು: ನಾನು ಸ್ಯಾಂಪಲ್ ಮಾಡುವ ರೀತಿ

ಸ್ಯಾಂಪಲ್ ಮಾಡುವುದು ಅಂದರೆ ಹಳೆಯ ರೆಕಾರ್ಡಿಂಗಿನ ಒಂದು ತುಣುಕನ್ನು ಹೊಸ ಹಾಡಿಗೆ ಬಳಸುವುದು. ಹಳೆಯ ಹಾಡಿನಿಂದ ಡ್ರಮ್ ತೆಗೆದುಕೊಳ್ಳುವುದು ಒಂದು ಕೆಲಸ, ದನಿ ತೆಗೆದುಕೊಳ್ಳುವುದು ಬೇರೆಯದೇ ಕೆಲಸ. ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಮಾಡುತ್ತಾ ಮಾಡುತ್ತಾ ಇದು ನನಗೆ ಗಟ್ಟಿಯಾಗಿದೆ.

ಡ್ರಮ್ ಎಲ್ಲಿಗೆ ಬೇಕಾದರೂ ಹೋಗುತ್ತದೆ. 1969ರಲ್ಲಿ 'ದಿ ವಿನ್‌ಸ್ಟನ್ಸ್' ತಂಡದ ಡ್ರಮ್ಮರ್ ಗ್ರೆಗೊರಿ ಕೋಲ್ಮನ್ 'ಅಮೆನ್, ಬ್ರದರ್' ಹಾಡಿನ ನಡುವೆ ನಾಲ್ಕು ಬಾರ್ (ತಾಳದ ಆವರ್ತ) ಒಬ್ಬರೇ ನುಡಿಸಿದರು. ಸುಮಾರು ಏಳು ಸೆಕೆಂಡು, ಅಷ್ಟೇ. ಅದನ್ನೇ ನಿಧಾನ ಮಾಡಿದಾಗ ಹಿಪ್‌ಹಾಪ್‌ನ ಸಿಟ್ಟಾಯಿತು. 1990ರ ದಶಕದಲ್ಲಿ ಬ್ರಿಟನ್‌ನವರು ವೇಗ ಹೆಚ್ಚಿಸಿ, ಚೂರು ಚೂರು ಮಾಡಿ ಜೋಡಿಸಿದಾಗ ಜಂಗಲ್ ಅನ್ನುವ ವೇಗದ ನೃತ್ಯ ಸಂಗೀತ ಆಯಿತು. ನುಡಿಸಿದವರಿಗೆ ಇದರಿಂದ ರಾಯಲ್ಟಿ ಬರಲಿಲ್ಲ ಅನ್ನುವುದು ನನ್ನನ್ನು ಈಗಲೂ ಚುಚ್ಚುತ್ತದೆ.

ದನಿ ಹಾಗಲ್ಲ. ಅದು ತನ್ನ ಕಥೆಯನ್ನು ಜೊತೆಗೇ ತರುತ್ತದೆ. ಅಮೆರಿಕದಲ್ಲಿ ಕರಿಯರನ್ನು ಮರಕ್ಕೆ ನೇತುಹಾಕಿ ಕೊಂದದ್ದರ ಬಗ್ಗೆ ಗಾಯಕಿ ಬಿಲ್ಲಿ ಹಾಲಿಡೇ 1939ರಲ್ಲಿ 'ಸ್ಟ್ರೇಂಜ್ ಫ್ರೂಟ್' ಹಾಡಿದರು. 1965ರಲ್ಲಿ ಗಾಯಕಿ ನೀನಾ ಸಿಮೋನ್ ಅದನ್ನೇ ಮತ್ತೆ ಹಾಡಿದರು. 2013ರಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್ ಸಿಮೋನ್ ಅವರ ದನಿಯನ್ನು ಮುರಿದ ಸಂಬಂಧದ ಹಾಡೊಂದಕ್ಕೆ ತಂದರು. ಅಷ್ಟು ಭಾರದ ದನಿಯ ಕೆಳಗೆ ಆ ಹೊಸ ಸಾಲುಗಳು ನಿಲ್ಲುವುದಿಲ್ಲ ಅಂತಲೇ ನನಗೆ ಅನಿಸುತ್ತದೆ. ಆದರೂ ಅದನ್ನು ಕೇಳಿ ಹಳೆಯ ಹಾಡನ್ನು ಹುಡುಕಿಕೊಂಡು ಹೋದ ಹುಡುಗರೂ ಇರುತ್ತಾರೆ, ಅಲ್ವಾ?

ಈಚೆಗೆ ನಾನು ಒಂದು ಶೋಕಗೀತೆಯ ಸಾಲು ತೆಗೆದುಕೊಂಡೆ. ಮೊದಲು ಇಡೀ ಹಾಡು ಕೇಳಿದೆ, ಸಾಹಿತ್ಯ ಬರೆದಿಟ್ಟುಕೊಂಡೆ. ಯಾರು ಯಾರಿಗಾಗಿ ಅಳುತ್ತಿದ್ದಾರೆ ಅಂತ ಗೊತ್ತಾಗದೆ ಕತ್ತರಿಸಬಾರದು. ಸಾಲಿನ ಮೊದಲ ಅಕ್ಷರಕ್ಕೆ ಕತ್ತರಿ ಹಾಕಲಿಲ್ಲ. ಅದಕ್ಕೂ ಮುಂಚೆ ಗಾಯಕಿ ಉಸಿರು ಎಳೆದುಕೊಳ್ಳುವ ಸದ್ದಿತ್ತು, ಅಲ್ಲಿಂದ ಶುರು ಮಾಡಿದೆ. ಆ ಉಸಿರು ಕೇಳಿದರೆ ಮಾತ್ರ ಅಲ್ಲಿ ಜೀವಂತ ಹೆಣ್ಣೊಬ್ಬಳು ನಿಂತಿದ್ದಾಳೆ ಅನಿಸುತ್ತದೆ. ರೆಕಾರ್ಡಿನ ಚಿಟಿಚಿಟಿ ಸದ್ದನ್ನೂ ಜಾಸ್ತಿ ತೊಳೆಯಲಿಲ್ಲ. ಹಾಡು ನಿಧಾನ ಆಗಬೇಕಿತ್ತು, ಆದರೆ ಪಿಚ್ (ಶ್ರುತಿ) ಇಳಿಸಿದರೆ ದನಿಗೆ ವಯಸ್ಸಾಗುತ್ತದೆ. ಅದಕ್ಕೇ ವೇಗ ಮಾತ್ರ ಬದಲಿಸುವ ಟೈಮ್‌ಸ್ಟ್ರೆಚ್ ಬಳಸಿ ಪಿಚ್ ಹಾಗೇ ಉಳಿಸಿದೆ. ಅವಳು ಅಳುವಾಗ ಎಷ್ಟು ಚಿಕ್ಕವಳಿದ್ದಳೋ ಅಷ್ಟೇ ಚಿಕ್ಕವಳಾಗಿ ಕೇಳಿಸಬೇಕಿತ್ತು.

ಆ ಸಾಲನ್ನು ಉದ್ದಕ್ಕೂ ಲೂಪ್ ಮಾಡಲಿಲ್ಲ. ಸುಮ್ನೆ ತಿರುಗಿಸುತ್ತಿದ್ದರೆ ದನಿಯೂ ವಾದ್ಯ ಆಗಿಬಿಡುತ್ತದೆ. ಎರಡು ಕಡೆ ಮಾತ್ರ ಬರುವಂತೆ ಇಟ್ಟೆ. ಎರಡನೇ ಸಲ ಡ್ರಮ್ ಪೂರ್ತಿ ನಿಲ್ಲಿಸಿದೆ.

ಹಕ್ಕಿನ ಕೆಲಸವನ್ನು ಬಿಡುಗಡೆಗೆ ಮುಂಚೆಯೇ ಮುಗಿಸುತ್ತೇನೆ. ರೆಕಾರ್ಡಿಂಗ್‌ಗೆ ಒಂದು ಒಪ್ಪಿಗೆ, ಹಾಡಿನ ರಚನೆಗೆ ಇನ್ನೊಂದು, ಎರಡೂ ಬೇಕು. ಗಾಯಕಿಯ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲೇ ಹಾಕಿದೆ.