ಫೋಟೊ, ನೆನಪಿನ ವಸ್ತು ಇಡಲು ಮರದ ಗಾಜಿನ ಪೆಟ್ಟಿಗೆ

ಮರ ತರುವ ಮೊದಲು ಒಳಗೆ ಏನೇನು ಇಡಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಹಳೇ ಕೈಗಡಿಯಾರ, ಒಂದು ಪದಕ, ಮಗುವಿನ ಮೊದಲ ಟೋಪಿ, ಎರಡು ಫೋಟೊ, ಏನೇ ಇರಲಿ, ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ಹರಡಿ ಜೋಡಿಸಿ. ಕಣ್ಣಿಗೆ ಹಿತವಾದಾಗ ಸುತ್ತ ಗೆರೆ ಎಳೆಯಿರಿ. ಒತ್ತೊತ್ತಾಗಿ ತುಂಬಬೇಡಿ, ಒಂದೆರಡು ವಸ್ತು ಕಮ್ಮಿಯಾದರೂ ಪರವಾಗಿಲ್ಲ.

ಮುಖ್ಯವಾದದ್ದು ಆಳ. ಗಡಿಯಾರ 20 ಮಿ.ಮೀ. ದಪ್ಪ ಇದ್ದರೆ ಒಳಗೆ 30 ಮಿ.ಮೀ. ಜಾಗ ಬೇಕು. ಅದಕ್ಕೆ ಗಾಜು ಒರಗುವ ಮುಂದಿನ ಪಟ್ಟಿ 6, ಗಾಜು 2, ವಸ್ತುಗಳನ್ನು ಕಟ್ಟುವ ಒಳಗಿನ ಬೋರ್ಡ್ 2, ಹಿಂದಿನ ಪ್ಲೈವುಡ್ 4 ಸೇರಿಸಿ: 44. ಅಂದರೆ 45 ಮಿ.ಮೀ. ಅಗಲದ ಹಲಗೆ ಸಾಕು. ದಪ್ಪ 12 ಇರಲಿ.

ನಾಲ್ಕು ಹಲಗೆಯ ತುದಿಗಳನ್ನು 45 ಡಿಗ್ರಿಗೆ ಕೊಯ್ಯಿರಿ. ಎದುರುಬದುರಿನ ಹಲಗೆಗಳ ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು, ಇಲ್ಲದಿದ್ದರೆ ಮೂಲೆ ಬಾಯಿ ಬಿಡುತ್ತದೆ. ಅಂಟು ಹಚ್ಚಿ ಬಿಗಿದ ತಕ್ಷಣ, ಅದು ಒಣಗುವ ಮೊದಲೇ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕಟ್ಟು ನೇರ ಇದೆ ಅಂತ ಅರ್ಥ. ಮುಂಭಾಗದ ಒಳ ಅಂಚಿಗೆ ತೆಳು ಪಟ್ಟಿ ಅಂಟಿಸಿ, ಗಾಜು ಇದಕ್ಕೆ ಒರಗಿ ನಿಲ್ಲುತ್ತದೆ.

ಪಾಲಿಶ್ ಮಾಡಿದ ಮೇಲೆ ಆತುರ ಬೇಡ. ಮರವೂ ಹೊಸ ವಾರ್ನಿಶ್ಶೂ ಬಿಡುವ ಆವಿ ಮುಚ್ಚಿದ ಪೆಟ್ಟಿಗೆಯೊಳಗೆ ಸೇರಿಕೊಂಡು ಕಾಗದವನ್ನು ಹಳದಿ ಮಾಡುತ್ತದೆ, ಕೆಲವು ಲೋಹಗಳನ್ನೂ ಹಾಳು ಮಾಡುತ್ತದೆ. ಓಕ್ ಮರ ಮತ್ತು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಇದರಲ್ಲಿ ಮುಂದು. ಮೂರು ನಾಲ್ಕು ವಾರ ಗಾಳಿಯಾಡಲು ಬಿಟ್ಟುಬಿಡಿ.

ಆಮೇಲೆ ಹಿಂದಿನಿಂದ ಗಾಜು ಇಳಿಸಿ. ಅದರ ಹಿಂದೆ 30 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಪಟ್ಟಿಗಳನ್ನು ಸುತ್ತ ಕೂರಿಸಿ, ಅಂಟು ಹಾಕದೆ 16 ಮಿ.ಮೀ. ಸ್ಕ್ರೂಗಳಿಂದ ಬಿಗಿಯಿರಿ. ನಾಳೆ ಗಾಜು ಒಡೆದರೆ ಬಿಚ್ಚಬೇಕಲ್ವಾ? ಈ ಪಟ್ಟಿಗಳು ಒಳಗೆ ಪ್ರತಿ ಬದಿಯಲ್ಲೂ 10 ಮಿ.ಮೀ. ಜಾಗ ತಿನ್ನುತ್ತವೆ, ಹಲಗೆ ಕೊಯ್ಯುವಾಗಲೇ ಲೆಕ್ಕ ಹಿಡಿಯಿರಿ. ಹಿಂದಿನ ಪ್ಲೈವುಡ್ಡೂ ಸ್ಕ್ರೂನಲ್ಲೇ ನಿಲ್ಲಲಿ.

ವಸ್ತುಗಳಿಗೆ ಮಾತ್ರ ಗಮ್ ತಾಗಿಸಲೇಬೇಡಿ. ಆಸಿಡ್ ಇಲ್ಲದ ಬೋರ್ಡ್ ತಂದು, ಗಡಿಯಾರದ ಪಟ್ಟಿಯ ಎರಡೂ ಬದಿಗೆ ಆ ಬೋರ್ಡಿನಲ್ಲಿ ತೂತು ಹಾಕಿ, ಮೀನು ಹಿಡಿಯುವ ನೈಲಾನ್ ದಾರದಿಂದ ಹಿಂದೆ ಕಟ್ಟಿ. ಬ್ಯಾಟರಿ ಇದ್ದರೆ ತೆಗೆದುಬಿಡಿ, ಸೋರಿದರೆ ಗಡಿಯಾರವೇ ಹೋಗುತ್ತದೆ. ಬಟ್ಟೆಯನ್ನು ಹತ್ತಿ ದಾರದಿಂದ ನಾಲ್ಕಾರು ಕಡೆ ಸಡಿಲವಾಗಿ ಹೊಲಿಯಿರಿ. ಫೋಟೊಗೆ ಮೂಲೆ ಹಿಡಿಯುವ ಕಾಗದದ ಕಾರ್ನರ್ ಸಾಕು. ಫೋಟೊ ಗಾಜಿಗೆ ತಾಗಬಾರದು, ತೇವಕ್ಕೆ ಅಂಟಿಕೊಂಡರೆ ಕೀಳಲು ಬರುವುದಿಲ್ಲ. ನನ್ನನ್ನು ಕೇಳಿದರೆ ಮೂಲ ಫೋಟೊವನ್ನು ಕತ್ತಲಲ್ಲಿ ಜೋಪಾನ ಮಾಡಿ, ಪೆಟ್ಟಿಗೆಗೆ ಒಳ್ಳೆಯ ಪ್ರತಿ ಹಾಕಿ. ಬೆಳಕಿಗೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ.

ಕೊಕ್ಕೆಗಳನ್ನು ಪ್ಲೈವುಡ್‌ಗೆ ಹೊಡೆಯದೆ ಎರಡು ಬದಿಯ ಹಲಗೆಗೇ ಹಾಕಿ. ಬಿಸಿಲು ಬೀಳದ, ತೇವ ಇಲ್ಲದ ಗೋಡೆ ನೋಡಿ. ಹಿಂಬದಿಯ ಕೆಳ ಮೂಲೆಗಳಿಗೆ ಸಣ್ಣ ರಬ್ಬರ್ ತುಂಡು ಅಂಟಿಸಿದರೆ ಗೋಡೆಗೂ ಪೆಟ್ಟಿಗೆಗೂ ನಡುವೆ ಗಾಳಿ ಆಡುತ್ತದೆ.