ಹೂ ಮುಗೀತು ಅಂತ ಸೇವಂತಿಗೆ ಬಿಸಾಡಬೇಡಿ

ಸಂಕ್ರಾಂತಿ ಕಳೆದ ಮೇಲೆ ನಮ್ಮ ಬೀದಿಗೆ ಬರುವ ಕಸದ ಗಾಡಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ದೀಪಾವಳಿಗೆ ನರ್ಸರಿಯಿಂದ ತಂದ ಹಳದಿ ಸೇವಂತಿಗೆ, ಬುಡ ಇನ್ನೂ ಹಸಿರಾಗಿದೆ, ಬೇರು ಸಮೇತ ಕಸಕ್ಕೆ! ಕೇಳಿದರೆ "ಗಿಡ ಒಣಗಿತಲ್ಲ ಅತ್ತೆ" ಅಂತಾರೆ. ಒಣಗಿದ್ದು ಹೂವಿನ ಕಡ್ಡಿ ಕಣಮ್ಮಾ. ಒಂದು ಸಲ ಹೂ ಬಿಟ್ಟು ಸಾಯೋಕೆ ಅದೇನು ಚೆಂಡು ಹೂವಾ? ಕಡ್ಡಿಯನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಅರೆನೆರಳಿಗೆ ಸರಿಸಿ. ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗದ ಹಾಗೆ ನೋಡಿಕೊಂಡರೆ ಸಾಕು, ಬುಡದ ಸುತ್ತ ಮರಿ ಏಳುತ್ತವೆ. ಮುಂಗಾರು ಹಿಡಿದಾಗ ಮರಿಗಳನ್ನು ಬೇರಿನ ಜೊತೆ ಬಿಡಿಸಿ ನೆಡಿ. ಹಳೇ ಬುಡವನ್ನೇ ನೆಚ್ಚಿಕೊಂಡರೆ ವರ್ಷದಿಂದ ವರ್ಷಕ್ಕೆ ಹೂ ಸಣ್ಣದಾಗುತ್ತದೆ.

ನಮ್ಮ ಚಿತ್ರದುರ್ಗದ ಕೆಂಪು ಮಣ್ಣಾದರೆ ಚಿಂತೆಯಿಲ್ಲ. ಕರಿಮಣ್ಣಿನವರು ಮರಳು, ಹಳೇ ತಿಪ್ಪೆಗೊಬ್ಬರ ಧಾರಾಳವಾಗಿ ಬೆರೆಸಿ. ನೀರು ನಿಂತರೆ ಬೇರು ಕೊಳೆಯುತ್ತದೆ. ನೀರನ್ನು ಬುಡಕ್ಕೆ ಹಾಕಿ, ತಲೆ ಮೇಲೆ ಸುರಿದರೆ ಎಲೆಗೆ ಕಪ್ಪು ಚುಕ್ಕೆ ಬರುತ್ತದೆ. ಚಳ್ಳಕೆರೆ ಕಡೆಯಿಂದ ಯಾರಾದರೂ ಬರುವಾಗ ಶೇಂಗಾ ಹಿಂಡಿ ತರಿಸಿಕೊಳ್ಳುತ್ತೇನೆ. ಒಂದು ಹಿಡಿ ಹಿಂಡಿ ಮೂರು ದಿನ ನೆನೆಸಿ, ಅದು ಮಜ್ಜಿಗೆಯಷ್ಟು ತೆಳ್ಳಗಾಗುವವರೆಗೆ ನೀರು ಸೇರಿಸಿ, ಗಿಡಕ್ಕೊಂದು ಲೋಟ. ವಾಸನೆ ಇರುತ್ತದೆ, ಸಹಿಸಿಕೊಳ್ಳಿ.

ಈಗ ಮುಖ್ಯದ ಮಾತು. ಚಿವುಟಬೇಕು. ಇದೊಂದನ್ನು ಯಾರೂ ಮಾಡಲ್ಲ, ಆಮೇಲೆ "ನಮ್ಮ ಗಿಡ ಉದ್ದಕ್ಕೆ ಹೋಗಿ ಮೂರೇ ಹೂ ಬಿಡ್ತು" ಅಂತ ನನ್ನ ಹತ್ತಿರ ಬಂದು ಅಳುತ್ತಾರೆ. ನಮ್ಮವ್ವ ಹಿರಿಯೂರು ಕಡೆಯವಳು. ಸೇವಂತಿಗೆ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಚಿವುಟುತ್ತಾ ಹೋಗುತ್ತಿದ್ದಳು. ನಾನು ಹಿಂದೆ ಹಿಂದೆ ಹೋಗುತ್ತಾ "ಪಾಪ ಕಣವ್ವ, ಗಿಡಕ್ಕೆ ನೋವಾಗಲ್ವಾ" ಅಂದರೆ ಅದೇ ಕೈಯಲ್ಲಿ ನನ್ನ ಕೆನ್ನೆಗೂ ಒಂದು ಚಿವುಟು. ಆ ಕೈಯಿಂದ ಬರುತ್ತಿದ್ದ ಸೇವಂತಿಗೆ ಎಲೆಯ ಕಹಿ ಘಮ ಇವತ್ತಿಗೂ ಮೂಗಿನಲ್ಲಿದೆ.

ಗಿಡ ಒಂದು ಗೇಣು ಆದಾಗ ಮೊದಲ ಸಲ. ಹಿಂದಿನ ಸಂಜೆ ನೀರು ಹಾಕಿರಿ. ಬೆಳಿಗ್ಗೆ, ಬಿಸಿಲೇರುವ ಮುಂಚೆ, ಹೆಬ್ಬೆರಳು ತೋರುಬೆರಳಿನ ಉಗುರಿನ ನಡುವೆ ತುದಿ ಹಿಡಿದು ಎರಡು ಎಲೆಯ ಎಳೇ ಕುಡಿ ಮಾತ್ರ ಮುರಿಯಿರಿ. 'ಟಕ್' ಅನ್ನಬೇಕು. ನಾರು ಎಳೆದುಕೊಂಡು ಬಂದರೆ ನೀವು ಕೆಳಗೆ ಹಿಡಿದಿದ್ದೀರಿ, ಒಂದು ಗೆಣ್ಣು ಮೇಲೆ ಹೋಗಿ. ಕತ್ತರಿ ಬೇಡ. ಎಳೇದು ಯಾವುದು, ಬಲಿತದ್ದು ಯಾವುದು ಅಂತ ಉಗುರಿಗೆ ಗೊತ್ತಾಗುತ್ತದೆ, ಕತ್ತರಿಗೆ ಗೊತ್ತಾಗಲ್ಲ. ವಾರದೊಳಗೆ ಎಲೆಯ ಸಂದಿಯಲ್ಲಿ ರಾಗಿ ಕಾಳಿನಷ್ಟು ಹಸಿರು ಮೊಳಕೆ ಕಾಣುತ್ತದೆ. ಅವು ಕೊಂಬೆಯಾಗಿ ನಾಲ್ಕು ಬೆರಳು ಬೆಳೆದಾಗ ಅವುಗಳ ತಲೆಯನ್ನೂ ಚಿವುಟಿ. ಒಂದು ಕಡ್ಡಿ ಇದ್ದದ್ದು ಪೊದೆಯಾಗುತ್ತದೆ. ದೀಪಾವಳಿಗೆ ಹೂ ಬೇಕು ಅಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಚಿವುಟುವುದು ನಿಲ್ಲಿಸಬೇಕು. ಆಮೇಲೂ ಕೈ ಸುಮ್ಮನಿರದಿದ್ದರೆ ಮೊಗ್ಗೇ ಹೋಗುತ್ತದೆ.

ಕುಡಿಗೆ ಕರಿ ಹೇನು ಕೂತರೆ ಅಂಟುವಾಳ ನೆನೆಸಿದ ನೀರು ಎರಡೆರಡು ದಿನ ಬಿಟ್ಟು ಚಿಮುಕಿಸಿ. ಅಂದ ಹಾಗೆ, ಅದೇ ಅಂಟುವಾಳದ ನೀರಿನಲ್ಲಿ ರೇಷ್ಮೆ ಸೀರೆ ಒಗೆಯಿರಿ. ಸೋಪಿನ ಪುಡಿಯಲ್ಲಿ ಅದ್ದಿ ಬಣ್ಣ ಬಿಟ್ಟಿತು ಅಂತ ಅಂಗಡಿಯವನನ್ನು ಬೈಯಬೇಡಿ.

ಇನ್ನೊಂದು, ಗಿಡದ ಹತ್ತಿರ ರಾತ್ರಿ ದೀಪ ಬೇಡ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾಗುತ್ತಾ ಬಂದಾಗ. ಕತ್ತಲು ಮುರಿದರೆ ಇನ್ನೂ ಬೇಸಿಗೆ ಅಂದುಕೊಂಡು ಬರೀ ಎಲೆ ಬಿಡುತ್ತದೆ. ಹೂ ತಡವಾಗಿ ಬರಲಿ ಅಂತ ರೈತರು ಹೊಲದಲ್ಲಿ ಬೇಕಂತಲೇ ಬಲ್ಬು ಹಾಕುವುದುಂಟು. ನಮ್ಮ ಮನೆಯಲ್ಲಿ ಬೇಕಂತ ಹಾಕಲಿಲ್ಲ. ಮೊಮ್ಮಗ ಕಳ್ಳರ ಭಯಕ್ಕೆ ಅಂಗಳದಲ್ಲಿ ಎಲ್‌ಇಡಿ ಕಟ್ಟಿದ, ಬೆಳಗಾನ ಉರಿಯಿತು. ದಸರಾ ಬಂದರೂ ಮೊಗ್ಗಿಲ್ಲ. ಗೊಬ್ಬರ ಜಾಸ್ತಿಯಾಯಿತೇನೋ ಅಂತ ನಾನು ನನ್ನನ್ನೇ ಬೈದುಕೊಂಡೆ. ಆ ದೀಪಾವಳಿಗೆ ಆಳೆತ್ತರದ ಹಸಿರು ಪೊದೆ ಅಂಗಳದಲ್ಲಿಟ್ಟುಕೊಂಡು, ಹೂವಿನವಳ ಹತ್ತಿರ ಎರಡು ಮಾರು ಸೇವಂತಿಗೆ ಚೌಕಾಸಿ ಮಾಡಿ ತಂದೆ.