ಸ್ಟೀಲ್ ಪಟ್ಟಿ ಕಟ್ಟಿ ಕಾಡಿನ ಆರೋಗ್ಯ ನೋಡಿದ್ದು: ನನ್ನ ಅನುಭವ

ಕಾಡಿನಲ್ಲಿ ಅಳತೆಗೆ ಗುರುತು ಮಾಡಿಕೊಂಡ ನನ್ನ ಪ್ಲಾಟಿನ ದೊಡ್ಡ ಮರಗಳು ಬೆಳೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿವೆ ಅಂತ ಹೇಳಿದಾಗ ಉಪಗ್ರಹ ಚಿತ್ರ ನೋಡುವ ಗೆಳೆಯರು ನಕ್ಕರು. ಅವರ ಎನ್‌ಡಿವಿಐ (ಉಪಗ್ರಹದಿಂದ ಲೆಕ್ಕ ಹಾಕುವ ಹಸಿರಿನ ಸೂಚಿ) ನಕ್ಷೆಯಲ್ಲಿ ಅದೇ ಜಾಗ ಕಡು ಹಸಿರಾಗಿತ್ತು. "ಇಷ್ಟು ಹಸಿರಾಗಿರೋ ಕಾಡಿಗೆ ಏನಪ್ಪಾ ಕಾಯಿಲೆ?" ಅಂತ ಒಬ್ಬರು ಕೇಳಿದರು. ಮುಂದಿನ ಬೇಸಿಗೆಯಲ್ಲಿ ಅವೇ ಮರಗಳ ತುದಿ ಕೊಂಬೆಗಳು ಒಣಗತೊಡಗಿದವು. ಆಮೇಲೆ "ನಿನ್ನ ಎಕ್ಸೆಲ್ ಫೈಲ್ ಕಳಿಸು ಮಾರಾಯ" ಅನ್ನುವ ಮೆಸೇಜುಗಳು ಶುರುವಾದವು. ಬರೀ ಫೈಲ್ ನೋಡಿದರೆ ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದು ಸಲ ಎಲ್ಲ ಬರೆದುಬಿಡೋಣ ಅನ್ನಿಸಿತು.

ಡೆಂಡ್ರೋಮೀಟರ್ ಪಟ್ಟಿ ಅಂದರೆ ಕಾಂಡದ ಸುತ್ತ ಸ್ಪ್ರಿಂಗಿನಿಂದ ಬಿಗಿದ ಸ್ಟೀಲ್ ಪಟ್ಟಿ; ಮರ ದಪ್ಪವಾದಂತೆ ಪಟ್ಟಿಯಲ್ಲಿನ ಸಂದು ಅಗಲವಾಗುತ್ತದೆ, ಅದನ್ನು ಕ್ಯಾಲಿಪರ್ ಇಟ್ಟು ಅಳೆಯುವುದು. ಅದಕ್ಕಿಂತ ಜಾಸ್ತಿ ವಿವರಿಸುವುದಿಲ್ಲ. ದುಡ್ಡಿನ ಕಥೆಯಿಂದಲೇ ಶುರುಮಾಡುತ್ತೇನೆ. ಇಂಥ ಕೆಲಸಗಳು ನಡುವೆ ನಿಂತುಹೋಗುವುದು ಬಹುತೇಕ ಅಲ್ಲೇ, ಅಲ್ವಾ?

ಮೊದಲು ಹಾಕಿದ್ದು ಕಾಂಡದ ದಪ್ಪವನ್ನು ತಾನೇ ಅಳೆಯುವ ಆಟೋಮ್ಯಾಟಿಕ್ ಡೆಂಡ್ರೋಮೀಟರ್‌ಗಳ ಯೋಜನೆ. ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಬಂದದ್ದು ಹತ್ತು ಹನ್ನೆರಡು ಮರಕ್ಕೆ ಸಾಲುವಷ್ಟು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಕೆಟ್ಟುಹೋದವು. ಅಂಕಿ ಬರೆದಿಡುವ ಲಾಗರ್ ಡಬ್ಬಿಗೆ ತೇವ ಹೊಕ್ಕಿತು. ಕೇಬಲ್ಲುಗಳನ್ನು ಇಲಿ, ಅಳಿಲುಗಳು ಕಡಿದು ಹಾಕಿದವು. ಮಾರಿದವರನ್ನು ಕೇಳಿದರೆ ಪ್ರಾಣಿ ಕಡಿದದ್ದಕ್ಕೆ ವಾರಂಟಿ ಇಲ್ಲ ಅಂದರು. ಕಾಡಿಗೆ ಅಂತಲೇ ಮಾಡಿದ ಯಂತ್ರವಂತೆ!

ಆದರೆ ಉಳಿದ ಐದಾರು ಯಂತ್ರಗಳು ಕೊಟ್ಟ ಗ್ರಾಫು ಇಡೀ ಖರ್ಚನ್ನು ವಸೂಲಿ ಮಾಡಿತು. ಕಾಂಡ ಬೆಳಗಿನ ಜಾವಕ್ಕೆ ದಪ್ಪ ಇರುತ್ತದೆ, ಮಧ್ಯಾಹ್ನಕ್ಕೆ ಸಣ್ಣಗಾಗುತ್ತದೆ. ಇದು ಪುಸ್ತಕದಲ್ಲಿ ಓದಿದ್ದೇ. ಆದರೆ ನನ್ನ ಮರಗಳಲ್ಲಿ ಆ ಏರಿಳಿತ ಎಷ್ಟು ದೊಡ್ಡದು ಅಂತ ನೋಡಿದಾಗ ಗಾಬರಿಯಾಯಿತು. ನಿಧಾನವಾಗಿ ಬೆಳೆಯುವ ಜಾತಿಗಳಲ್ಲಿ ಒಂದು ದಿನದ ಉಬ್ಬು ತಗ್ಗು ಎರಡು ಮೂರು ವಾರದ ಬೆಳವಣಿಗೆಗೆ ಸಮ. ಅಂದರೆ ಈ ಸಲ ಬೆಳಿಗ್ಗೆ ಆರಕ್ಕೆ, ಮುಂದಿನ ಸಲ ಮಧ್ಯಾಹ್ನ ಎರಡಕ್ಕೆ ಅಳತೆ ತೆಗೆದರೆ ಮರ ಚಿಕ್ಕದಾಗಿದೆ ಅಂತ ಬರುತ್ತದೆ. ಅಂಥ ನೆಗೆಟಿವ್ ಅಂಕಿಗಳನ್ನು ಅಳತೆಯ ತಪ್ಪು ಅಂತ ಅಳಿಸಿ ಹಾಕುವವರು ತುಂಬಾ ಜನ. ಅಳಿಸಬೇಡಿ, ಗಡಿಯಾರ ನೋಡಿ.

ಉಳಿದ ದುಡ್ಡಲ್ಲಿ ಕೈಯಿಂದ ಮಾಡಿದ ಸ್ಟೀಲ್ ಪಟ್ಟಿಗಳಿಗೆ ಇಳಿದೆ. ಒಂದು ಆಟೋಮ್ಯಾಟಿಕ್ ಯಂತ್ರದ ದುಡ್ಡಿಗೆ ಐವತ್ತು ಪಟ್ಟಿ ಆರಾಮಾಗಿ ಆಗುತ್ತದೆ. ಮುನ್ನೂರು ಚಿಲ್ಲರೆ ಮರಕ್ಕೆ ಕಟ್ಟಿದೆವು. ಆಗಲೂ ಹಿರಿಯರೊಬ್ಬರು "ಇದೆಲ್ಲಾ ಹಳೇ ಕಾಲದ್ದು, ಈಗ ಮೇಲಿಂದಲೇ ಎಲ್ಲಾ ಕಾಣಿಸುತ್ತೆ" ಅಂದರು.

ಹೊಸ ಪಟ್ಟಿ ಮೊದಲ ಕೆಲವು ತಿಂಗಳು ಸುಳ್ಳು ಹೇಳುತ್ತದೆ. ಅದು ತೊಗಟೆಗೆ ಸರಿಯಾಗಿ ಕೂರುವವರೆಗೆ ಬೆಳವಣಿಗೆ ಕಡಿಮೆ ತೋರಿಸುತ್ತದೆ. ಹಾಗಾಗಿ ಮೊದಲ ವರ್ಷದ ಅಂಕಿಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ತಲೆನೋವು. ಒಂದು ವರ್ಷದ ಕೆಲಸ, ಒಂದೂ ಗ್ರಾಫಿಲ್ಲ ಅಂದರೆ ಯಾರು ಸುಮ್ಮನಿರುತ್ತಾರೆ? ಮುಂದಿನ ಕಂತು ಅರ್ಧಕ್ಕೆ ಇಳಿಯಿತು. ಆ ವರ್ಷ ಸಹಾಯಕರಿಗೆ ಕೂಲಿ ಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿಯಲಿಲ್ಲ.

ಇನ್ನು ಪಟ್ಟಿಯ ಕಾಟಗಳು. ಹೊಳೆಯುವ ಸ್ಟೀಲ್ ಕಂಡರೆ ಮಂಗಗಳಿಗೂ ಆಸೆ, ಮನುಷ್ಯರಿಗೂ ಆಸೆ. ಮಂಕು ಬಣ್ಣ ಬಳಿದ ಮೇಲೆ ಕಳುವು ನಿಂತಿತು. ಪಟ್ಟಿಯ ಅಡಿಯಲ್ಲಿ ಗೆದ್ದಲು ಮಣ್ಣು ಮೆತ್ತಿದರೆ ಸಂದು ಅಗಲವಾಗುತ್ತದೆ, ಕಾಗದದ ಮೇಲೆ ಮರ ಭರ್ಜರಿಯಾಗಿ ಬೆಳೆದಂತೆ ಕಾಣುತ್ತದೆ. ಬಳ್ಳಿ ನುಸುಳಿದರೂ ಅದೇ ಕಥೆ. ಹಾಗಾಗಿ ಪ್ರತಿ ಸಲ ಪಟ್ಟಿಯ ಸುತ್ತ ಬೆರಳಾಡಿಸದೆ ಕ್ಯಾಲಿಪರ್ ಇಡುವುದೇ ಇಲ್ಲ. ಸಿಪ್ಪೆ ಏಳುವ ತೊಗಟೆಯ ಮರಗಳಲ್ಲಿ ಸಡಿಲ ಇರುವುದನ್ನು ಮಾತ್ರ ಕೆರೆದು ತೆಗೆಯಬೇಕು, ಜೀವ ಇರುವ ಪದರಕ್ಕೆ ತಾಗಬಾರದು. ಸ್ಪ್ರಿಂಗು ಎಷ್ಟು ಬಿಗಿ ಇರಬೇಕು, ಎಲ್ಲಿಂದ ಅದನ್ನು ಕಿತ್ತು ತರುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ. ಅದಕ್ಕೆ ಎರಡು ವರ್ಷ ಸುರಿದಿದ್ದೇನೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಮೊದಲ ಮಳೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಕಾಂಡ ಎರಡು ಒಳ್ಳೆ ಮಳೆ ಬಿದ್ದ ಕೂಡಲೇ ಉಬ್ಬುತ್ತದೆ. ಅದು ಬೆಳವಣಿಗೆ ಅಲ್ಲ, ನೀರು ತುಂಬಿಕೊಂಡದ್ದು ಅಷ್ಟೇ. ಇದನ್ನೇ ಮಳೆಗಾಲದ ಭಾರಿ ಬೆಳವಣಿಗೆ ಅಂತ ತೋರಿಸಿದ ಗ್ರಾಫುಗಳನ್ನು ಬೇಕಾದಷ್ಟು ನೋಡಿದ್ದೇನೆ. ಇದರಲ್ಲಿ ತೊಗಟೆಯ ಪಾಲು ಎಷ್ಟು ಅಂತ ತಿಳಿಯಲು ಒಂದು ಅಡ್ಡ ಪ್ರಯೋಗ ಮಾಡಿದೆ. ಸತ್ತು ನಿಂತ ಕೆಲವು ಮರಗಳಿಗೂ ಪಟ್ಟಿ ಕಟ್ಟಿದೆ. ನೋಡಿದವರು ತಲೆ ಕೆಟ್ಟಿದೆ ಅಂದರು. ಆದರೆ ದಪ್ಪ ತೊಗಟೆಯ ಸತ್ತ ಮರಗಳು ಮಳೆಗೆ ಚೆನ್ನಾಗಿಯೇ "ಬೆಳೆದವು". ತೆಳು ತೊಗಟೆಯವು ಅಲ್ಲಾಡಲಿಲ್ಲ. ಅಲ್ಲಿಂದ ಜಾತಿವಾರು ಒಂದು ಕಳೆಯುವ ಲೆಕ್ಕ ಸಿಕ್ಕಿತು. ವರ್ಷದ ಅಳತೆಯನ್ನೂ ಬದಲಿಸಿದೆ. ಈಗ ಜನವರಿಯಿಂದ ಜನವರಿಗೆ ಎಣಿಸುವುದಿಲ್ಲ. ಮರ ಪೂರ್ತಿ ನೀರುಂಡ ಮಳೆಗಾಲದ ಕೊನೆಯಿಂದ ಮುಂದಿನ ಮಳೆಗಾಲದ ಕೊನೆಗೆ ಎಣಿಸುತ್ತೇನೆ.

ಮರ ಸಾಯುವುದನ್ನೇ ಯಾಕೆ ಎಣಿಸಬಾರದು ಅಂತ ಕೇಳುತ್ತಾರೆ. ಉಷ್ಣವಲಯದ ಕಾಡಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಮರ ಸಾಯುತ್ತವೆ. ನನ್ನ ಮುನ್ನೂರು ಮರದಲ್ಲಿ ಅದು ಮೂರರಿಂದ ಆರು. ಒಂದು ವರ್ಷ ಮೂರು, ಇನ್ನೊಂದು ವರ್ಷ ಏಳು ಸತ್ತರೆ ಅದು ಬರವೋ, ಗಾಳಿಯೋ, ಬರೀ ಅದೃಷ್ಟವೋ ಹೇಳಲಾಗುವುದಿಲ್ಲ. ಸಾವನ್ನು ನಂಬಿ ಮಾತಾಡಬೇಕಾದರೆ ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲೋ ಮುದುಮಲೆಯಲ್ಲೋ ಇರುವಂಥ 50 ಹೆಕ್ಟೇರ್ ಪ್ಲಾಟು ಬೇಕು. ಮೊದಲನೆಯದು 1980ರ ದಶಕದ ಆರಂಭದ್ದು, ಎರಡನೆಯದು 1988ರದ್ದು. ಎರಡರಲ್ಲೂ 1 ಸೆಂಟಿಮೀಟರ್ ದಪ್ಪದ ಸಸಿಯಿಂದ ಹಿಡಿದು ಎಲ್ಲಕ್ಕೂ ನಂಬರು. ನಮ್ಮಂಥವರಿಗೆ ಅದು ದೂರದ ಮಾತು. ಬರಕ್ಕೆ ಸಿಕ್ಕ ಮರಗಳಲ್ಲಿ ಬಹಳಷ್ಟು ಸಾಯುವ ಎಷ್ಟೋ ವರ್ಷ ಮೊದಲೇ ಬೆಳೆಯುವುದನ್ನು ಕಡಿಮೆ ಮಾಡಿರುತ್ತವೆ. ಸಣ್ಣ ಪ್ಲಾಟಿನವರು ಹಿಡಿಯಬೇಕಾದದ್ದು ಅದನ್ನೇ.

ಹಾಗಾದರೆ ಉಪಗ್ರಹಕ್ಕೆ ಇದು ಯಾಕೆ ಕಾಣಲಿಲ್ಲ? ದಟ್ಟ ಕಾಡಿನಲ್ಲಿ ಎನ್‌ಡಿವಿಐ ಬೇಗ ತುಂಬಿಹೋಗುತ್ತದೆ. ಎಲೆಗಳ ಒಟ್ಟು ವಿಸ್ತೀರ್ಣ ನೆಲದ ಮೂರ್ನಾಲ್ಕು ಪಟ್ಟು ದಾಟಿದ ಮೇಲೆ ಅದು ಹೆಚ್ಚೇನೂ ಕದಲುವುದಿಲ್ಲ. ಮೇಲಿನ ಎಲೆ ಉದುರಿದರೆ ಕೆಳಗಿನ ಪೊದೆಯೇ ಹಸಿರು ತೋರಿಸುತ್ತದೆ. ಚಿಗುರಿನದ್ದು ಇನ್ನೊಂದು ಗೊಂದಲ. ಹೊಸ ಎಲೆ ಹಳೆಯದಕ್ಕಿಂತ ಹೆಚ್ಚು ಇನ್‌ಫ್ರಾರೆಡ್ ಹೊಳೆಸುತ್ತದೆ. ಅಮೆಜಾನ್ ಕಾಡು ಒಣ ತಿಂಗಳುಗಳಲ್ಲಿ ಇನ್ನಷ್ಟು ಹಸಿರಾಗುತ್ತದೆ ಅಂತ ನಾಸಾದ ಮೋಡಿಸ್ ಉಪಗ್ರಹ ಕ್ಯಾಮೆರಾದ ಚಿತ್ರ ಇಟ್ಟುಕೊಂಡು ವರ್ಷಗಟ್ಟಲೆ ವಾದ ನಡೆಯಿತು. ಅದು ಸೂರ್ಯ ಮತ್ತು ಕ್ಯಾಮೆರಾದ ಕೋನ ಬದಲಾದ್ದರಿಂದ ಕಂಡದ್ದು ಅಂತ 2014ರಲ್ಲಿ ಒಂದು ತಂಡ ಬರೆಯಿತು. ದೊಡ್ಡವರಿಗೇ ಹೀಗಾದರೆ ನಮ್ಮದೇನು.

ಉಪಗ್ರಹ ಬೇಡ ಅನ್ನುತ್ತಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಬಿಟ್ಟಿಯಾಗಿ ಸಿಗುತ್ತದೆ, ಜೋಡಿ ಉಪಗ್ರಹದಿಂದ ಐದು ದಿನಕ್ಕೊಮ್ಮೆ ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಬರೀ ಮೋಡ. ನನಗೆ ಕೆಲಸಕ್ಕೆ ಬಂದದ್ದು ಹಸಿರಿನ ಸೂಚಿ ಅಲ್ಲ, ಶಾರ್ಟ್‌ವೇವ್ ಇನ್‌ಫ್ರಾರೆಡ್ ಬಳಸುವ ತೇವದ ಸೂಚಿ. ಅದನ್ನೂ ಹಿಂದಿನ ತಿಂಗಳಿಗೆ ಹೋಲಿಸಬೇಡಿ. ಅದೇ ವಾರದ ಹಲವು ವರ್ಷಗಳ ನಡುವಿನ ಅಂಕಿಗೆ (ಮೀಡಿಯನ್) ಹೋಲಿಸಿ. ಹಾಗೆ ನೋಡಿದಾಗ ನನ್ನ ಪಟ್ಟಿಗಳು ನಿಂತ ಎರಡು ಮೂರು ತಿಂಗಳಿಗೆ ಉಪಗ್ರಹದಲ್ಲೂ ಕುಸಿತ ಕಂಡಿತು. ತಡವಾಗಿ ಬಂದರೂ ಬಂತಲ್ಲ!

ಉದುರುವ ಎಲೆ ಹಿಡಿಯುವ ತರಗೆಲೆ ಬಲೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಮಾಡುವಂತೆ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಬಿಡಿಸಿ, 65–70 ಡಿಗ್ರಿಯಲ್ಲಿ ಒಣಗಿಸಿ ತೂಗಿದೆ. ಮಳೆಯಲ್ಲಿ ಒಂದು ವಾರ ತಡವಾದರೂ ಎಲೆ ಅಲ್ಲೇ ಕೊಳೆಯುತ್ತದೆ, ತೂಕ ಹೋಗುತ್ತದೆ. ಆದರೆ ಬಲೆ ಇಲ್ಲದಿದ್ದರೆ ಅರ್ಧ ಕಥೆ ತಪ್ಪಿಹೋಗುತ್ತಿತ್ತು. ಕಾಂಡದ ಬೆಳವಣಿಗೆ ಮೂರನೇ ಒಂದು ಭಾಗಕ್ಕೆ ಇಳಿದ ವರ್ಷವೇ ಎಲೆ ಉದುರಿದ್ದು ಮಾಮೂಲಿಗಿಂತ ಜಾಸ್ತಿ, ಸುಮಾರು ಕಾಲು ಭಾಗದಷ್ಟು. ಮರ ಹಳೆ ಎಲೆ ಬೇಗ ಉದುರಿಸಿ ಹೊಸದು ಹಾಕಿತ್ತು. ಮೇಲಿಂದ ನೋಡಿದವರಿಗೆ ಹಸಿರು ಕಂಡದ್ದು ಅದೇ ಎಲೆ. ಬರೀ ಕಾಂಡ ಅಳೆದಿದ್ದರೆ ಉತ್ಪಾದನೆ ಪೂರ್ತಿ ಕುಸಿಯಿತು ಅನ್ನುತ್ತಿದ್ದೆ, ಬರೀ ಎಲೆ ತೂಗಿದ್ದರೆ ಹೆಚ್ಚಾಯಿತು ಅನ್ನುತ್ತಿದ್ದೆ. ಎರಡೂ ಸೇರಿಸಿದರೆ ಸಾಧಾರಣ ಇಳಿಕೆ. ಆದರೆ ಎಲೆಗೆ ಹೋದ ಇಂಗಾಲ ಸ್ವಲ್ಪ ಕಾಲದಲ್ಲೇ ಕೊಳೆತು ಗಾಳಿಗೆ ವಾಪಸ್. ಕಟ್ಟಿಗೆಯಲ್ಲಿ ಕೂತದ್ದು ಎಷ್ಟೋ ಕಾಲ ಉಳಿಯುತ್ತದೆ. ಕಾಡು ಹಿಡಿದಿಟ್ಟ ಇಂಗಾಲವನ್ನು ಕ್ರೆಡಿಟ್ ಅಂತ ಮಾರುವವರು ಇದನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ.

ಬೇರಿನ ಕೆಲಸ ಮಾಡಲಿಲ್ಲ. ಅಷ್ಟು ಅಗೆಯಲು ದುಡ್ಡೂ ಇರಲಿಲ್ಲ, ಸೊಂಟವೂ ಇರಲಿಲ್ಲ.

ನಡುವೆ ಒಂದು ಹಳೆ ಕ್ಯಾಮೆರಾವನ್ನು ಎತ್ತರದ ಕಂಬಕ್ಕೆ ಕಟ್ಟಿ ಚಿಗುರು ಯಾವಾಗ ಬರುತ್ತದೆ ಅಂತ ನೋಡಲು ಹೋದೆ. ಆಟೋ ವೈಟ್ ಬ್ಯಾಲೆನ್ಸ್ ಇದ್ದ ತಿಂಗಳುಗಳ ಚಿತ್ರ ಅಷ್ಟೂ ದಂಡ. ಮೋಡ ಬಂದಾಗಲೆಲ್ಲ ಅದು ಬಣ್ಣವನ್ನು ತನಗೆ ಬೇಕಾದಂತೆ ತಿದ್ದುತ್ತದೆ. ವೈಟ್ ಬ್ಯಾಲೆನ್ಸ್ ಬಿಗಿ ಮಾಡಿ, ಮಧ್ಯಾಹ್ನದ ಚಿತ್ರಗಳನ್ನು ಮಾತ್ರ ಇಟ್ಟುಕೊಂಡು, ಕೆಂಪು ಹಸಿರು ನೀಲಿಯ ಮೊತ್ತದಲ್ಲಿ ಹಸಿರಿನ ಪಾಲು ಎಷ್ಟು ಅಂತ ಲೆಕ್ಕ ಹಾಕಿದ ಮೇಲೆ ಚೆಂದದ ಗೆರೆ ಬಂತು. ಆಮೇಲೆ ಜೇಡ ಲೆನ್ಸಿನ ಮೇಲೆಯೇ ಬಲೆ ಕಟ್ಟಿತು. ವಾರಕ್ಕೊಮ್ಮೆ ಕಂಬ ಹತ್ತುವವರು ಸಿಕ್ಕರೆ ಇದನ್ನು ಮಾಡಿ, ಇಲ್ಲದಿದ್ದರೆ ಬೇಡ.

ಈಗ ನನಗೆ ನಿಜವಾಗಿ ಹೆಮ್ಮೆ ಇರುವ ಭಾಗಕ್ಕೆ ಬರುತ್ತೇನೆ. ಕಾಂಡದ ಬೆಳವಣಿಗೆ ಕುಸಿದ ಆ ವರ್ಷ ಮಳೆ ಕಡಿಮೆ ಇರಲಿಲ್ಲ. ಮಳೆಮಾಪಕ ಮಾಮೂಲಿ ಲೆಕ್ಕವನ್ನೇ ತೋರಿಸಿತ್ತು. ಹಾಗಾಗಿ ಬರವೇ ಇಲ್ಲದೆ ಬೆಳವಣಿಗೆ ನಿಂತಿತು ಅಂದರೆ ಯಾರೂ ಒಪ್ಪಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಗಾಳಿಯಲ್ಲಿ. 30 ಡಿಗ್ರಿಯ ಗಾಳಿ ಸುಮಾರು 4.2 ಕಿಲೋಪಾಸ್ಕಲ್ ನೀರಾವಿ ಹಿಡಿಯುತ್ತದೆ, 35 ಡಿಗ್ರಿಯದು 5.6. ಗಾಳಿಯಲ್ಲಿರುವ ಆವಿ ಅಷ್ಟೇ ಇದ್ದು, 30ರಲ್ಲಿ ಅರ್ಧ ತುಂಬಿದೆ ಅಂದುಕೊಳ್ಳಿ. ಆಗ ಐದೇ ಡಿಗ್ರಿ ಏರಿದರೆ ಗಾಳಿ ಎಲೆಯಿಂದ ನೀರು ಎಳೆಯುವ ಜೋರು ಮೂರನೇ ಎರಡು ಭಾಗದಷ್ಟು ಹೆಚ್ಚಾಗುತ್ತದೆ. ಮಳೆಮಾಪಕಕ್ಕೆ ಇದು ಗೊತ್ತೇ ಆಗುವುದಿಲ್ಲ.

ನೀರಿನ ಒತ್ತಡ ಇಳಿದಾಗ ಮೊದಲು ನಿಲ್ಲುವುದು ಕಾಂಡದ ಜೀವಕೋಶಗಳು ಹಿಗ್ಗುವ ಕೆಲಸ. ಎಲೆ ಆಹಾರ ಮಾಡುವುದು ಆಮೇಲೂ ನಡೆಯುತ್ತಿರುತ್ತದೆ. ಹಾಗಾಗಿ ಹಸಿರು ಎಲೆ, ನಿಂತ ಕಾಂಡ ಎರಡೂ ಒಟ್ಟಿಗೆ ಇರಬಹುದು. ಕಾಂಡ ದಪ್ಪವಾಗುವುದು ಮುಖ್ಯವಾಗಿ ರಾತ್ರಿ ಹೊತ್ತು ಅಂತ ಸ್ವಿಟ್ಜರ್ಲೆಂಡಿನ ಮರಗಳ ಮೇಲೆ 2021ರಲ್ಲಿ ಬಂದ ಅಧ್ಯಯನ ಹೇಳಿತ್ತು. ಅದನ್ನು ಓದಿದ ಮೇಲೆ ಗಾಳಿಯ ಬಿಸಿ, ತೇವ ಅಳೆಯುವ ನನ್ನ ಲಾಗರ್‌ಗಳ ಹಗಲಿನ ಅಂಕಿ ಪಕ್ಕಕ್ಕಿಟ್ಟು ರಾತ್ರಿಯದನ್ನು ಮಾತ್ರ ತೆಗೆದೆ. ತಿಂಗಳಿಗೆ ಎಷ್ಟು ಗಂಟೆ ರಾತ್ರಿ ಗಾಳಿ ತೇವವಾಗಿತ್ತು ಅಂತ ಎಣಿಸಿ ಪಟ್ಟಿಗಳ ಪಕ್ಕ ಇಟ್ಟೆ. ಒಟ್ಟು ಮಳೆ ವಿವರಿಸದ ಬೆಳವಣಿಗೆಯನ್ನು ಆ ಗಂಟೆಗಳು ಬಹಳ ಮಟ್ಟಿಗೆ ವಿವರಿಸಿದವು. ತೇವ ಅನ್ನಲು ಇಟ್ಟ ಮಿತಿ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಹೇಳುವುದಿಲ್ಲ. ಅದು ಕಾಡಿಂದ ಕಾಡಿಗೆ ಬದಲಾಗುತ್ತದೆ, ನಿಮ್ಮ ಮರಗಳನ್ನೇ ಕೇಳಿ ಕಂಡುಕೊಳ್ಳಿ. ಲಾಗರ್‌ಗೆ ಬಿಳಿ ತಟ್ಟೆಗಳ ನೆರಳುಗೂಡು ಮಾತ್ರ ಕಡ್ಡಾಯ, ಇಲ್ಲದಿದ್ದರೆ ಬಿಸಿಲಿನ ಚುಕ್ಕೆಯೊಂದು ಬಿದ್ದರೂ ಅಂಕಿ ಹಾಳು.

ಪಟ್ಟಿ ಎಚ್ಚರಿಕೆ ಕೊಟ್ಟ ಮರಗಳೆಲ್ಲ ಒಣಗಲಿಲ್ಲ ಅನ್ನುವುದನ್ನೂ ಹೇಳಬೇಕು. ಅಂಥ ಮೂವತ್ತರ ಆಸುಪಾಸು ಮರಗಳಲ್ಲಿ ಅರ್ಧದಷ್ಟರ ತುದಿ ಒಣಗಿದವು, ಐದಾರು ಸತ್ತೇಹೋದವು. ಉಳಿದವು ಮುಂದಿನ ತಂಪು ರಾತ್ರಿಗಳಲ್ಲಿ ಚೇತರಿಸಿಕೊಂಡು ಮತ್ತೆ ಮಾಮೂಲಿ ಬೆಳೆದವು. ಈಗ ಒಂದು ಮಳೆಗಾಲ ಬೆಳೆಯದ ಮರಕ್ಕೆ ಪೆನ್ಸಿಲ್ ಗುರುತು ಮಾತ್ರ ಹಾಕುತ್ತೇನೆ, ಎರಡು ಮಳೆಗಾಲ ಸತತ ನಿಂತರೆ ಬಣ್ಣದ ಗುರುತು. ಬಣ್ಣದ ಗುರುತು ಬಿದ್ದವುಗಳಲ್ಲಿ ಇದುವರೆಗೆ ಚೇತರಿಸಿಕೊಂಡದ್ದು ಎರಡೇ. ಆ ಎರಡೂ ತೊರೆಯ ಪಕ್ಕದವು.